ಬತ್ತಲೆ, ಬಟ್ಟೆ ಮತ್ತು ಪಾಪ: ರಾವೆನ್ನಾದಿಂದ ನಾಗರಕೋಯಿಲಿಗೆ

ಉತ್ತರ ಇಟಲಿಯಲ್ಲಿ, ಏಡ್ರಿಯಾಟಿಕ್ ಕಡಲಿಗೆ ಸಮೀಪವಿರುವ ರಾವೆನ್ನಾ ನಗರದ ಓಣಿಯೊಂದರಲ್ಲಿ ಎಂಟು ಮೂಲೆಗಳ ಒಂದು ಪುಟ್ಟ ಇಟ್ಟಿಗೆ ಕಟ್ಟಡವಿದೆ. ಸುಮಾರು 1500 ವರ್ಷಗಳ ಹಿಂದೆ ಗಾಥ್ ಜನಾಂಗದ ದೊರೆ ಥಿಯೊಡೊರಿಕನ ಆಳ್ವಿಕೆಯಲ್ಲಿ, ಆರಿಯನ್ ಪಂಥದ ಕ್ರೈಸ್ತರಿಗಾಗಿ, ಅಂದರೆ ಮಗನಾದ ಕ್ರಿಸ್ತನು ತಂದೆಯಾದ ದೇವರಿಗೆ ಸರಿಸಮನಲ್ಲವೆಂದು ನಂಬಿದ್ದವರಿಗಾಗಿ, ಕಟ್ಟಿದ ದೀಕ್ಷಾಸ್ನಾನದ ಮಂದಿರವಿದು. ಶತಮಾನಗಳ ಮಣ್ಣು ಸುತ್ತಲೂ ತುಂಬಿಕೊಂಡಿರುವುದರಿಂದ ಕಟ್ಟಡದ ಮೂಲ ನೆಲ ಇಂದಿನ ಬೀದಿಗಿಂತ ಸಾಕಷ್ಟು ಕೆಳಗುಳಿದಿದೆ. ಒಳಗೆ ಬಂದವರು ಕತ್ತೆತ್ತಿದರೆ ಗುಮ್ಮಟದ ನಡುಭಾಗದಲ್ಲಿ, ಬಣ್ಣದ ಗಾಜಿನ ಸಣ್ಣ ಹರಳುಗಳನ್ನು ಒತ್ತೊತ್ತಾಗಿ ಕೂರಿಸಿ ಮಾಡಿದ ಚಿತ್ರವೊಂದು ಹೊನ್ನಿನ ಹಿನ್ನೆಲೆಯಲ್ಲಿ ಹೊಳೆಯುತ್ತದೆ. ಗಡ್ಡ ಮೂಡದ ಎಳೆಯ ಯೇಸು ಯೊರ್ದನ್ ಹೊಳೆಯಲ್ಲಿ ಸೊಂಟದವರೆಗೆ ಮುಳುಗಿ ನಿಂತಿದ್ದಾನೆ, ಪಕ್ಕದಲ್ಲಿ ತೊಗಲುಡುಗೆಯ ಸ್ನಾನಿಕ ಯೋವಾನನಿದ್ದಾನೆ, ಮೇಲೆ ಪಾರಿವಾಳದ ರೂಪದ ಪವಿತ್ರಾತ್ಮವಿದೆ, ಇನ್ನೊಂದು ಬದಿಯಲ್ಲಿ ಹೊಳೆಯೇ ಮುದುಕನ ರೂಪ ತಾಳಿ ಕುಳಿತಿದೆ. ಯೇಸುವಿನ ಮೈಮೇಲೆ ನೂಲಿನ ಎಳೆಯೂ ಇಲ್ಲ. ಅವನನ್ನು ಆವರಿಸಿರುವ ನೀರಿನ ಗೆರೆಗಳು ಏನನ್ನೂ ಮರೆಮಾಡುವುದಿಲ್ಲ. ಗಂಡುಮಗನ ದೇಹವನ್ನು ಕಲಾವಿದ ಅಳುಕಿಲ್ಲದೆ, ಅತಿಶಯವೂ ಇಲ್ಲದೆ ಪೂರ್ತಿಯಾಗಿ ತೋರಿಸಿದ್ದಾನೆ.

ಕ್ರೈಸ್ತಧರ್ಮ ಎಂದೊಡನೆ ಮೈತುಂಬ ನಿಲುವಂಗಿ ತೊಟ್ಟ ಪಾದ್ರಿಗಳನ್ನೂ ತಲೆಗೆ ಮುಸುಕು ಹಾಕಿದ ಸಂನ್ಯಾಸಿನಿಯರನ್ನೂ ನೆನೆಯುವ ಭಾರತೀಯ ಪ್ರವಾಸಿಗೆ ಈ ಚಿತ್ರ ಅಚ್ಚರಿ ಹುಟ್ಟಿಸಬಹುದು. ಆದರೆ ಆ ಕಾಲದ ರಾವೆನ್ನಾದ ವಿಶ್ವಾಸಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಾರದು. ಮೊದಲ ಶತಮಾನಗಳಲ್ಲಿ ದೀಕ್ಷೆ ಪಡೆಯುವವರು ಉಟ್ಟುದನ್ನೆಲ್ಲ ಕಳಚಿ, ಹೆಂಗಸರಾದರೆ ಜಡೆಯನ್ನು ಬಿಚ್ಚಿ ಒಡವೆಗಳನ್ನೂ ತೆಗೆದಿಟ್ಟು, ನೀರಿಗಿಳಿಯುತ್ತಿದ್ದರು. ಮೇಲೆದ್ದು ಬಂದಾಗ ಅವರಿಗೆ ಬಿಳಿಯ ವಸ್ತ್ರವನ್ನು ತೊಡಿಸಲಾಗುತ್ತಿತ್ತು. ನಾಲ್ಕನೆಯ ಶತಮಾನದ ಜೆರೂಸಲೇಮಿನ ಬಿಷಪ್ ಸಿರಿಲನ ಹೆಸರಿನಲ್ಲಿ ಉಳಿದುಬಂದಿರುವ ಉಪದೇಶಗಳು ಈ ಕ್ರಿಯೆಯ ಅರ್ಥವನ್ನು ಹೊಸಬರಿಗೆ ವಿವರಿಸುತ್ತವೆ. ಶಿಲುಬೆಯ ಮೇಲೆ ಕ್ರಿಸ್ತನು ಬತ್ತಲಾಗಿದ್ದಂತೆ ನೀವೂ ಬತ್ತಲಾದಿರಿ, ಮೊದಲ ಮನುಷ್ಯನಂತೆ ಎಲ್ಲರೆದುರು ನಿಂತೂ ನಾಚಲಿಲ್ಲ ಎಂಬುದು ಅವುಗಳ ತಾತ್ಪರ್ಯ. ಹಾಗೆಂದು ಮರ್ಯಾದೆಯ ಪ್ರಜ್ಞೆ ಆಗ ಇರಲಿಲ್ಲವೆಂದಲ್ಲ. ಸಿರಿಯಾದ ಸಭೆಗಳಲ್ಲಿ ಹೆಂಗಸರ ಮೈಗೆ ಅಭಿಷೇಕದ ಎಣ್ಣೆ ಹಚ್ಚುವ ಕೆಲಸ ಡೀಕನೆಸ್ ಎಂಬ ಸೇವಾಪದವಿಯ ಮಹಿಳೆಯರಿಗೇ ಮೀಸಲಾಗಿತ್ತು. ನಾಚಿಕೆಯ ಸೂಕ್ಷ್ಮವನ್ನು ಬಲ್ಲವರೇ ಬತ್ತಲೆಯನ್ನು ಪುನರ್ಜನ್ಮದ ಉಡುಪೆಂದು ಆರಿಸಿಕೊಂಡಿದ್ದರು.

ಈ ಆಯ್ಕೆಯ ಬೇರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿದೆ. ಏದೆನ್ ತೋಟದಲ್ಲಿ ಆದಾಮನೂ ಹವ್ವಳೂ ಬತ್ತಲಾಗಿದ್ದರೂ ನಾಚಿಕೆಪಡಲಿಲ್ಲವೆಂದು ಎರಡನೆಯ ಅಧ್ಯಾಯ ಮುಗಿಯುತ್ತದೆ. ನಿಷೇಧಿಸಿದ ಹಣ್ಣನ್ನು ತಿಂದ ಮೇಲೆ ಮೂರನೆಯ ಅಧ್ಯಾಯದಲ್ಲಿ ಅವರ ಕಣ್ಣು ತೆರೆಯುತ್ತದೆ, ಅಂಜೂರದ ಎಲೆಗಳನ್ನು ಹೊಲಿದು ಸುತ್ತಿಕೊಳ್ಳುತ್ತಾರೆ, ದೇವರ ಸಪ್ಪಳ ಕೇಳಿ ಅಡಗಿಕೊಳ್ಳುತ್ತಾರೆ. ಕಥೆಯಲ್ಲಿ ಪಾಪವಿರುವುದು ಆಜ್ಞೆಯನ್ನು ಮೀರಿದುದರಲ್ಲಿ. ಬತ್ತಲೆ ಪಾಪವಲ್ಲ, ಪಾಪದ ನಂತರ ಅದನ್ನು ನೋಡುವ ಬಗೆ ಬದಲಾಯಿತು ಅಷ್ಟೆ. ತೋಟದಿಂದ ಹೊರಗಟ್ಟುವ ಮುನ್ನ ದೇವರೇ ಅವರಿಗೆ ಚರ್ಮದ ಅಂಗಿಗಳನ್ನು ತೊಡಿಸಿದನೆಂಬ ಮಾತೂ ಅಲ್ಲಿದೆ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ (354–430) ಇದಕ್ಕೆ ಕೊಟ್ಟ ವ್ಯಾಖ್ಯಾನ ಮುಂದೆ ಪಶ್ಚಿಮದ ಸಭೆಗಳ ಮನಸ್ಸನ್ನು ಬಹುಕಾಲ ಆಳಿತು. ಪತನಕ್ಕೆ ಮೊದಲು ಮನುಷ್ಯನ ಅವಯವಗಳು ಅವನ ಇಚ್ಛೆಗೆ ಒಳಪಟ್ಟಿದ್ದವು, ದೇವರಿಗೆ ಅವನು ಅವಿಧೇಯನಾದ ಮೇಲೆ ಅವನ ದೇಹವೇ ಅವನಿಗೆ ಅವಿಧೇಯವಾಯಿತು, ಕಾಮವು ಇಚ್ಛೆಯನ್ನು ಕೇಳದೆ ಎದ್ದೇಳುವುದೇ ಆ ದಂಡನೆಯ ಗುರುತು, ಆದ್ದರಿಂದಲೇ ಮನುಷ್ಯ ಆ ಭಾಗವನ್ನು ಮುಚ್ಚಿಕೊಳ್ಳುತ್ತಾನೆ ಎಂದು ಅವನು ವಾದಿಸಿದ. ದೇವರು ಸೃಷ್ಟಿಸಿದ ದೇಹ ಒಳ್ಳೆಯದೆಂಬ ಮಾತನ್ನು ಅಗಸ್ಟೀನ ಎಂದೂ ಬಿಟ್ಟುಕೊಡಲಿಲ್ಲ. ಆದರೆ ಅವನನ್ನು ಓದಿದ ತಲೆಮಾರುಗಳು ಆ ಮಾತಿಗಿಂತ ದಂಡನೆಯ ಮಾತನ್ನೇ ಹೆಚ್ಚು ನೆನಪಿಟ್ಟುಕೊಂಡವು.

ರಾವೆನ್ನಾದಿಂದ ಅಪೆನೈನ್ ಬೆಟ್ಟಸಾಲನ್ನು ದಾಟಿ ಫ್ಲಾರೆನ್ಸಿಗೆ ಬಂದರೆ ಅದೇ ಕಥೆ ಮತ್ತೊಂದು ರೂಪದಲ್ಲಿ ಎದುರಾಗುತ್ತದೆ. ಆರ್ನೊ ನದಿಯ ಆಚೆ ದಡದಲ್ಲಿರುವ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನ ಬ್ರಾಂಕಾಚ್ಚಿ ಪ್ರಾರ್ಥನಾಲಯದ ಗೋಡೆಗಳಲ್ಲಿ 1420ರ ದಶಕದಲ್ಲಿ ಮಸೊಲಿನೊ ಮತ್ತು ಮಸಾಚ್ಚೊ ಎಂಬಿಬ್ಬರು ಹಸಿಗಾರೆಯ ಮೇಲೆ ಬರೆದ ಚಿತ್ರಗಳಿವೆ. ಪ್ರವೇಶದ ಬಲಗಂಬದ ಮೇಲೆ ಮಸೊಲಿನೊನ ಆದಾಮ-ಹವ್ವರು ಮರದ ಕೆಳಗೆ ಶಾಂತವಾಗಿ, ಅರಮನೆಯ ಗಣ್ಯರ ಗಾಂಭೀರ್ಯದಲ್ಲಿ ನಿಂತಿದ್ದಾರೆ. ಎಡಗಂಬದ ಮೇಲೆ ಮಸಾಚ್ಚೊ ಬರೆದ ಅದೇ ಇಬ್ಬರು ತೋಟದ ಬಾಗಿಲಿನಿಂದ ಹೊರಗೆ ನಡೆಯುತ್ತಿದ್ದಾರೆ, ಮೇಲೆ ಕತ್ತಿ ಹಿಡಿದ ದೇವದೂತನಿದ್ದಾನೆ. ಹವ್ವಳು ಒಂದು ಕೈಯಿಂದ ಎದೆಯನ್ನೂ ಇನ್ನೊಂದರಿಂದ ಕೆಳಭಾಗವನ್ನೂ ಮುಚ್ಚಿಕೊಂಡು, ಮುಖವನ್ನು ಮೇಲೆತ್ತಿ ಗೋಳಾಡುತ್ತಿದ್ದಾಳೆ. ಅವಳ ಕಣ್ಣುಗಳು ಎರಡು ಕಪ್ಪು ಗುಳಿಗಳಾಗಿವೆ, ಬಾಯಿ ತೆರೆದಿದೆ. ಆದಾಮ ಮೈಯನ್ನು ಮುಚ್ಚಿಕೊಂಡಿಲ್ಲ. ಅವನ ಎರಡೂ ಕೈಗಳು ಮುಖದ ಮೇಲಿವೆ, ಹೊಟ್ಟೆ ಬಿಕ್ಕಳಿಕೆಯಿಂದ ಒಳಕ್ಕೆ ಎಳೆದುಕೊಂಡಿದೆ. ಆದಿಕಾಂಡದ ಪ್ರಕಾರ ಈ ಗಳಿಗೆಯಲ್ಲಿ ಅವರು ಚರ್ಮದ ಅಂಗಿ ತೊಟ್ಟಿರಬೇಕಾಗಿತ್ತು. ಇಪ್ಪತ್ತರ ಹರೆಯದ ಚಿತ್ರಕಾರ ಅದನ್ನು ಬದಿಗಿಟ್ಟು, ನಾಚಿಕೆಯ ನೆಲೆ ಜನನಾಂಗವೋ ಮುಖವೋ ಎಂಬ ಪ್ರಶ್ನೆಯನ್ನು ನೋಡುವವರ ಮುಂದಿಟ್ಟ. ಅಗಸ್ಟೀನನ ವ್ಯಾಖ್ಯಾನಕ್ಕಿಂತ ಈ ಆದಾಮನ ಕೈಗಳು ಮೂಲಕಥೆಗೆ ಹೆಚ್ಚು ಹತ್ತಿರವಾಗಿವೆ ಎಂದೇ ಹೇಳಬೇಕು, ಏಕೆಂದರೆ ಕಥೆಯಲ್ಲಿಯೂ ಆದಾಮ ದೇವರ ದೃಷ್ಟಿಯಿಂದಲೇ ಅಡಗಿದ್ದು.

ಚಿತ್ರ ಬರೆದು ಎರಡೂವರೆ ಶತಮಾನ ಕಳೆದ ಮೇಲೆ, ಭಕ್ತಿಯಲ್ಲಿ ಕಟ್ಟುನಿಟ್ಟಾಗಿದ್ದ ಮೆದಿಚಿ ವಂಶದ ಮೂರನೆಯ ಕೊಸಿಮೊನ ಕಾಲದಲ್ಲಿ, ಸುಮಾರು 1680ರಲ್ಲಿ, ಈ ಇಬ್ಬರ ಸೊಂಟಕ್ಕೂ ಎಲೆಬಳ್ಳಿಯ ಚಿತ್ರ ಬರೆಯಲಾಯಿತು. 1980ರ ದಶಕದ ಜೀರ್ಣೋದ್ಧಾರದಲ್ಲಿ ಮಸಿಯನ್ನೂ ಎಲೆಗಳನ್ನೂ ಒಟ್ಟಿಗೇ ತೆಗೆಯಲಾಯಿತು. ಎಲೆಗಳಿದ್ದ ಮುನ್ನೂರು ವರ್ಷಗಳಲ್ಲಿ ಆ ಗೋಡೆಯನ್ನು ಕಂಡವರಿಗೆ ಆದಾಮನ ಮುಖಕ್ಕಿಂತ ಮೊದಲು ಅವನ ಸೊಂಟದ ಹಸಿರೇ ಕಣ್ಣಿಗೆ ಬಿದ್ದಿರಬೇಕು. ಮುಚ್ಚಿದ್ದರಿಂದಲೇ ಆ ಭಾಗಕ್ಕೆ ಇಲ್ಲದ ಪ್ರಾಮುಖ್ಯ ಬಂದಿತು.

ಫ್ಲಾರೆನ್ಸಿನಿಂದ ದಕ್ಷಿಣಕ್ಕೆ ರೋಮಿನ ದಾರಿ ಹಿಡಿದವರು ಅಸಿಸಿಯಲ್ಲಿ ಇಳಿಯದೆ ಹೋಗುವುದಿಲ್ಲ. 1206ರ ಸುಮಾರಿನಲ್ಲಿ ಇಲ್ಲಿನ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್, ತಂದೆ ತನ್ನ ಮೇಲೆ ಹೂಡಿದ ದೂರಿನ ವಿಚಾರಣೆಯಲ್ಲಿ, ಬಿಷಪನ ಎದುರು ಉಟ್ಟ ಬಟ್ಟೆಯನ್ನೆಲ್ಲ ಕಳಚಿ ತಂದೆಗೆ ಹಿಂದಿರುಗಿಸಿದ. ಬಿಷಪ್ ತನ್ನ ಮೇಲಂಗಿಯನ್ನೇ ಅವನಿಗೆ ಹೊದಿಸಿದ. ಈ ಪ್ರಸಂಗದ ನೆನಪಿಗೆ ಅಲ್ಲಿನ ಸಾಂತಾ ಮರಿಯಾ ಮಜ್ಜೊರೆ ಚರ್ಚನ್ನು 2017ರಲ್ಲಿ ವಸ್ತ್ರತ್ಯಾಗದ ಪುಣ್ಯಕ್ಷೇತ್ರವಾಗಿ ಉದ್ಘಾಟಿಸಲಾಗಿದೆ, ಮತ್ತು 2025ರಲ್ಲಿ ಸಂತ ಪದವಿಗೇರಿದ ಹದಿನೈದರ ಹುಡುಗ ಕಾರ್ಲೊ ಅಕುತಿಸನ ದೇಹವನ್ನು ಜೀನ್ಸ್ ಪ್ಯಾಂಟ್ ಹಾಗೂ ಸ್ಪೋರ್ಟ್ಸ್ ಶೂಗಳಲ್ಲಿ ಇರಿಸಿರುವುದೂ ಅದೇ ಚರ್ಚಿನಲ್ಲಿ. ಕನ್ನಡ ನಾಡಿನಿಂದ ಹೋದವರಿಗೆ ಫ್ರಾನ್ಸಿಸನ ಬತ್ತಲೆ ತೀರ ಅಪರಿಚಿತವೆನಿಸದು. 1432ರಲ್ಲಿ ವೀರಪಾಂಡ್ಯ ಭೈರರಸ ಕಾರ್ಕಳದ ಬೆಟ್ಟದ ಮೇಲೆ ನಿಲ್ಲಿಸಿದ ಬಾಹುಬಲಿಯೂ ರಾಜ್ಯವನ್ನು ಬಿಟ್ಟವನು ಬಟ್ಟೆಯನ್ನೂ ಬಿಟ್ಟನೆಂಬುದನ್ನೇ ಹೇಳುತ್ತಾನೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಹಬ್ಬಕ್ಕೆ ಜನವರಿಯಲ್ಲಿ ನೆರೆಯುವ ನಾನಾ ಮತದ ಜನರಿಗೆ ಆ ವಿಗ್ರಹ ಹುಟ್ಟಿನಿಂದ ಕಂಡ ನೆರೆಯವನು. ವ್ಯತ್ಯಾಸವೂ ಕಡೆಗಣಿಸುವಂಥದ್ದಲ್ಲ. ದಿಗಂಬರ ಸಾಧನೆಯಲ್ಲಿ ಬತ್ತಲೆ ಒಂದು ಶಾಶ್ವತ ನಿಲುವು. ಅಸಿಸಿಯಲ್ಲಿ ಅದು ಒಂದು ಗಳಿಗೆಯದು, ತ್ಯಾಗವನ್ನು ಒಪ್ಪಿಕೊಂಡ ಸಭೆ ಬತ್ತಲೆಯನ್ನು ಒಡನೆಯೇ ತನ್ನ ಬಟ್ಟೆಯಿಂದ ಮುಚ್ಚಿತು. ಆದರೂ ಫ್ರಾನ್ಸಿಸ್ ತಾನಾಗಿ ಕಳಚಿದ, ಬಿಷಪ್ ಪ್ರೀತಿಯಿಂದ ಹೊದಿಸಿದ. ಈ ಎರಡು ಮಾತುಗಳಲ್ಲಿ ಯಾವುದೊಂದು ಇಲ್ಲವಾಗಿದ್ದರೂ ಪ್ರಸಂಗದ ಅರ್ಥವೇ ಬೇರೆಯಾಗುತ್ತಿತ್ತು. ಕ್ರೈಸ್ತ ಇತಿಹಾಸದಲ್ಲಿ ದೇಹವನ್ನು ತೆರೆದುದೋ ಮುಚ್ಚಿದುದೋ ಎಂಬುದಕ್ಕಿಂತ, ತೆರೆಯುವ ಅಥವಾ ಮುಚ್ಚುವ ತೀರ್ಮಾನ ಯಾರದಾಗಿತ್ತು ಎಂಬುದೇ ಹೆಚ್ಚು ತೂಕದ ಪ್ರಶ್ನೆ.

ರೋಮಿನಲ್ಲಿ ಆ ತೀರ್ಮಾನ ಸಭೆಯ ಅಧಿಕಾರಿಗಳದಾಗಿತ್ತು. ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಲಯದ ಬಲಿಪೀಠದ ಹಿಂದಿನ ಗೋಡೆಯ ಮೇಲೆ ಮೈಕೆಲ್ಯಾಂಜೆಲೊ 1536ರಿಂದ 1541ರವರೆಗೆ ಬರೆದ 'ಅಂತಿಮ ತೀರ್ಪು' ಚಿತ್ರದಲ್ಲಿ ಸತ್ತವರು ಸಮಾಧಿಯಿಂದ ಏಳುವಾಗ ಬಟ್ಟೆಯಿಲ್ಲದೆ ಏಳುತ್ತಾರೆ, ರಕ್ತಸಾಕ್ಷಿಗಳೂ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ತೆತ್ತ ಸಂತರೂ, ಬರಿಮೈಯಲ್ಲೇ ತಮ್ಮ ಹಿಂಸೆಯ ಸಲಕರಣೆಗಳನ್ನು ಹಿಡಿದು ನಿಂತಿರುತ್ತಾರೆ. ಅತ್ತೂರಿನ ಭಕ್ತರು ಹರಕೆ ಹೊರುವ ಲಾರೆನ್ಸನೂ ತನ್ನನ್ನು ಸುಟ್ಟ ಕಬ್ಬಿಣದ ಜಾಲರಿಯೊಡನೆ ಅವರ ನಡುವೆ ಇದ್ದಾನೆ. ಪೋಪರ ವಿಧಿವಿಧಾನಗಳ ಮುಖ್ಯಸ್ಥ ಬಿಯಾಜೊ ದ ಚೆಸೆನಾ ಈ ಬತ್ತಲೆ ದೇಹಗಳು ಪೂಜಾಸ್ಥಳಕ್ಕೆ ತಕ್ಕುದಲ್ಲವೆಂದು ಆಕ್ಷೇಪಿಸಿದನೆಂದೂ, ಮೈಕೆಲ್ಯಾಂಜೆಲೊ ಅವನ ಮುಖವನ್ನೇ ನರಕದ ನ್ಯಾಯಾಧೀಶ ಮೀನೊಸನಿಗೆ ಕೊಟ್ಟನೆಂದೂ ಸಮಕಾಲೀನ ಜೀವನಚರಿತ್ರಕಾರ ವಸಾರಿ ಹೇಳುತ್ತಾನೆ. ಪ್ರಾಟೆಸ್ಟೆಂಟ್ ಸುಧಾರಣೆಯ ಟೀಕೆಗೆ ಉತ್ತರ ಹುಡುಕಲು ಸೇರಿದ್ದ ಟ್ರೆಂಟ್ ಮಹಾಸಭೆ 1563ರ ಡಿಸೆಂಬರಿನಲ್ಲಿ ದೇವಾಲಯದ ಚಿತ್ರಗಳಲ್ಲಿ ಕಾಮವನ್ನು ಕೆರಳಿಸುವುದೇನೂ ಇರಬಾರದೆಂದು ವಿಧಿಸಿತು. ಮುಂದಿನ ಫೆಬ್ರವರಿಯಲ್ಲಿ ಮೈಕೆಲ್ಯಾಂಜೆಲೊ ತೀರಿಕೊಂಡ. 1565ರಲ್ಲಿ ಅವನನ್ನು ಗೌರವಿಸುತ್ತಿದ್ದ ದಾನಿಯೆಲೆ ದ ವೊಲ್ತೆರ್ರಾ ಎಂಬ ಕಲಾವಿದನೇ ಆ ದೇಹಗಳಿಗೆ ಬಟ್ಟೆಯ ತುಂಡುಗಳನ್ನು ಬರೆಯಬೇಕಾಗಿ ಬಂತು. ಸಂತ ಕ್ಯಾಥರೀನಳ ಬತ್ತಲೆ ಆಕೃತಿಯನ್ನಂತೂ ಗಾರೆಯ ಸಮೇತ ಕೆತ್ತಿ ತೆಗೆದು, ಹೊಸ ಗಾರೆಯ ಮೇಲೆ ಉಡುಪಿನೊಂದಿಗೆ ಬರೆಯಲಾಯಿತು. ಮೂಲಚಿತ್ರದ ಆ ಭಾಗ ಇನ್ನು ಯಾವ ಜೀರ್ಣೋದ್ಧಾರಕ್ಕೂ ಸಿಗದು.

1994ರಲ್ಲಿ ಗೋಡೆಯನ್ನು ಶುಚಿಗೊಳಿಸಿ ಮುಗಿಸಿದಾಗ, ನಂತರದವರು ಸೇರಿಸಿದ ಹಲವು ಬಟ್ಟೆಗಳನ್ನು ಅಳಿಸಿ, ಟ್ರೆಂಟ್ ಸಭೆಯ ಇತಿಹಾಸಕ್ಕೆ ಸಾಕ್ಷಿಯೆಂದು ದಾನಿಯೆಲೆಯವನ್ನು ಉಳಿಸಿಕೊಳ್ಳಲಾಯಿತು. ಆ ವರ್ಷದ ಏಪ್ರಿಲ್ 8ರಂದು ಅಲ್ಲಿ ಪೂಜೆ ಸಲ್ಲಿಸಿದ ಪೋಪ್ ಎರಡನೆಯ ಜಾನ್ ಪಾಲ್, ಮನುಷ್ಯದೇಹವು ದೇವರ ಬೆಳಕಿನಲ್ಲಿ ಮಾತ್ರ ತನ್ನ ಘನತೆಯನ್ನು ಕಳೆದುಕೊಳ್ಳದೆ ಬತ್ತಲಾಗಿರಬಲ್ಲದೆಂಬ ಅರ್ಥದಲ್ಲಿ ಮಾತನಾಡಿ, ಆ ಸ್ಥಳವನ್ನು ದೇಹದ ದೇವತಾಶಾಸ್ತ್ರದ ಗರ್ಭಗುಡಿಯೆಂದು ಬಣ್ಣಿಸಿದರು. ನಾಲ್ಕು ಶತಮಾನಗಳ ಹಿಂದೆ ಮುಚ್ಚಿಸಿದ ಪೀಠವೇ ಹೀಗೆ ಮಾತನಾಡಿದ್ದು ಸಣ್ಣ ಸಂಗತಿಯಲ್ಲ. ಇಂದು ಆ ಗೋಡೆಯನ್ನು ನೋಡಲು ಹೋಗುವವರು ಭುಜ ಮತ್ತು ಮೊಣಕಾಲು ಮುಚ್ಚುವಂತೆ ಉಟ್ಟಿರಬೇಕೆಂಬ ನಿಯಮವಿದೆ. ಅದೇ ನಗರದ ಸಾಂತಾ ಮರಿಯಾ ಸೊಪ್ರ ಮಿನೆರ್ವಾ ಚರ್ಚಿನಲ್ಲಿ, ಮೈಕೆಲ್ಯಾಂಜೆಲೊ ಬತ್ತಲೆಯಾಗಿ ಕಡೆದ ಪುನರುತ್ಥಿತ ಕ್ರಿಸ್ತನ ಅಮೃತಶಿಲೆಯ ಮೂರ್ತಿ ನಂತರದವರು ತೊಡಿಸಿದ ಕಂಚಿನ ತುಂಡುಬಟ್ಟೆಯನ್ನು ಇನ್ನೂ ಹೊತ್ತು ನಿಂತಿದೆ.

ಯುರೋಪಿನ ಸಭೆ ಕಡಲು ದಾಟಿದಾಗ ಬಟ್ಟೆಯ ಪ್ರಶ್ನೆಯೂ ಅದರೊಡನೆ ಹಡಗೇರಿತು. ಗೋವೆಯಲ್ಲಿ ಇನ್‌ಕ್ವಿಸಿಷನ್, ಅಂದರೆ ಮತಭ್ರಷ್ಟತೆಯನ್ನು ಹುಡುಕಿ ದಂಡಿಸುವ ಧಾರ್ಮಿಕ ನ್ಯಾಯಾಲಯ, 1736ರಲ್ಲಿ ಹೊರಡಿಸಿದ ಶಾಸನ ಸ್ಥಳೀಯ ಕ್ರೈಸ್ತ ಗಂಡಸರು ಧೋತರ ಉಡುವುದನ್ನೂ ಹೆಂಗಸರು ಹಿಂದೂಗಳ ರೀತಿಯಲ್ಲಿ ಚೋಳಿ ತೊಡುವುದನ್ನೂ ನಿಷೇಧಿಸಿತು. ಚೋಳಿ ಮೈಯನ್ನು ಮುಚ್ಚುವ ಬಟ್ಟೆ; ಅದು ತಪ್ಪಾದದ್ದು ಮೈ ಕಾಣುತ್ತದೆಂದಲ್ಲ, ನೆರೆಯ ಹಿಂದೂ ಹೆಂಗಸರ ಮೈಮೇಲೂ ಅದೇ ಇತ್ತೆಂದು. ಗೋವೆಯನ್ನು ಬಿಟ್ಟು ಕೆನರಾ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರಾದರೋ ಹಳೆಯ ಉಡುಗೆತೊಡುಗೆಗಳಲ್ಲಿ ಅನೇಕವನ್ನು ಉಳಿಸಿಕೊಂಡರು. ಮಂಗಳೂರಿನ ಮದುವಣಗಿತ್ತಿ ಮದುವೆಗೆ ಸಾಡೊ ಎಂಬ ಕೆಂಪು ಸೀರೆಯುಡುವ ಸಂಪ್ರದಾಯ ಅದರ ಮುಂದುವರಿಕೆ.

ಆದರೆ ಈ ಪ್ರಶ್ನೆಯ ನಿಜವಾದ ಕಠಿಣ ಪರೀಕ್ಷೆ ನಡೆದದ್ದು ಇನ್ನೂ ದಕ್ಷಿಣದಲ್ಲಿ. ತಿರುವನಂತಪುರದಿಂದ ನಾಗರಕೋಯಿಲಿಗೆ ಹೋಗುವ ರೈಲು ಪಶ್ಚಿಮ ಘಟ್ಟದ ಕೊನೆಯ ಬೆಟ್ಟಗಳನ್ನು ಎಡಕ್ಕಿಟ್ಟುಕೊಂಡು, ಗದ್ದೆ, ಕೆರೆ, ತೆಂಗು, ಬಾಳೆತೋಟಗಳ ನಡುವೆ ಸಾಗುತ್ತದೆ. ದಕ್ಷಿಣಕ್ಕೆ ಹೋದಂತೆ ತಾಳೆಮರಗಳು ಹೆಚ್ಚುತ್ತವೆ. 1956ರವರೆಗೆ ಮಲಯಾಳ ಸೀಮೆಯೊಡನೆ ಒಂದೇ ಆಡಳಿತದಲ್ಲಿದ್ದ, ಈಗ ತಮಿಳುನಾಡಿಗೆ ಸೇರಿರುವ ಈ ಪ್ರದೇಶದಲ್ಲಿ ತಾಳೆಮರ ಏರಿ ಪದನೀರು ಇಳಿಸಿ ಬೆಲ್ಲ ಕಾಯಿಸುವುದು ಶಾಣಾರರ, ಅಂದರೆ ಇಂದಿನ ನಾಡಾರರ, ಕುಲಕಸುಬಾಗಿತ್ತು. ಈ ಪ್ರದೇಶ ಆಗ ಸೇರಿದ್ದ ತಿರುವಾಂಕೂರು ಸಂಸ್ಥಾನದಲ್ಲಿ ಜಾತಿಯಲ್ಲಿ ಕೆಳಗಿನವರು ಮೇಲಿನವರೆದುರು ಎದೆಯನ್ನು ತೆರೆದು ನಿಲ್ಲುವುದು ಗೌರವದ ಗುರುತೆನಿಸಿತ್ತು. ನಾಯರ್ ಹೆಂಗಸರು ಹೆಗಲ ಮೇಲೆ ಹೊದೆಯುತ್ತಿದ್ದ ಮೇಲುವಸ್ತ್ರ ಶಾಣಾರ್ ಹೆಂಗಸರಿಗೆ ನಿಷಿದ್ಧವಾಗಿತ್ತು. ಇಲ್ಲಿ ಬರಿಮೈಯನ್ನು ರಾವೆನ್ನಾದ ವಿಶ್ವಾಸಿಯಂತೆ, ಅಸಿಸಿಯ ಫ್ರಾನ್ಸಿಸನಂತೆ, ಯಾರೂ ಆರಿಸಿಕೊಂಡಿರಲಿಲ್ಲ. ಅದು ಹೇರಿದ ಬತ್ತಲೆ.

1806ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಪ್ರಷ್ಯಾದ ರಿಂಗಲ್‌ಟೌಬೆ ಇಲ್ಲಿಗೆ ಬಂದು ಮೈಲಾಡಿಯನ್ನು ಕೇಂದ್ರವಾಗಿಸಿಕೊಂಡ. ಅವನ ನಂತರ ಬಂದ ಚಾರ್ಲ್ಸ್ ಮೀಡ್ ಮತ್ತು ಚಾರ್ಲ್ಸ್ ಮಾಲ್ಟ್ ನಾಗರಕೋಯಿಲಿನಲ್ಲಿ ನೆಲೆನಿಂತರು. ಮಾಲ್ಟನ ಪತ್ನಿ ಮಾರ್ಥಾ ಹುಡುಗಿಯರಿಗೆ ಲೇಸ್ ಹೆಣೆಯುವುದನ್ನು ಕಲಿಸಿದಳು. ದಾರದ ಆ ಕೆಲಸದಿಂದ ಹೆಣ್ಣುಮಕ್ಕಳ ಕೈಗೆ ಸ್ವಂತ ಸಂಪಾದನೆ ಬಂತು. ಬ್ರಿಟಿಷ್ ರೆಸಿಡೆಂಟನೂ ಕೆಲಕಾಲ ದಿವಾನನೂ ಆಗಿದ್ದ ಕರ್ನಲ್ ಮನ್ರೋನ ಕಾಲದಲ್ಲಿ ಮತಾಂತರಗೊಂಡ ಹೆಂಗಸರಿಗೆ ಎದೆ ಮುಚ್ಚಿಕೊಳ್ಳಲು ಅನುಮತಿ ದೊರೆಯಿತು. ಆದರೆ ಅದು ಸಿರಿಯನ್ ಕ್ರೈಸ್ತರೂ ಮುಸ್ಲಿಮರೂ ತೊಡುತ್ತಿದ್ದ ಕುಪ್ಪಾಯ ಎಂಬ ಸಡಿಲವಾದ ರವಿಕೆಗೆ ಮಾತ್ರ ಸೀಮಿತವಾಯಿತು. ಮರ್ಯಾದೆಯೇ ವಿಷಯವಾಗಿದ್ದರೆ ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು, ಏಕೆಂದರೆ ಕುಪ್ಪಾಯ ಮೇಲುವಸ್ತ್ರಕ್ಕಿಂತ ಚೆನ್ನಾಗಿಯೇ ಮೈ ಮುಚ್ಚುತ್ತದೆ. ಆದರೆ ಹೆಂಗಸರು ಕುಪ್ಪಾಯದ ಮೇಲೆ ಮೇಲುವಸ್ತ್ರವನ್ನೂ ಹೊದ್ದರು. ಮಿಷನರಿಗೆ ಬಟ್ಟೆ ಶೀಲದ ಲಕ್ಷಣವಾಗಿ ಕಂಡಿತ್ತು. ಉಟ್ಟವಳಿಗೆ ಅದು ಸಮಾನತೆಯ ಮಾತಾಗಿತ್ತು. ಇದನ್ನು ಅತ್ಯಂತ ಸರಿಯಾಗಿ ಅರ್ಥಮಾಡಿಕೊಂಡವರೆಂದರೆ ಅದನ್ನು ಎಳೆದು ಹರಿದವರು. 1820ರ ದಶಕದಲ್ಲಿ ಸಂತೆಗಳಲ್ಲಿ, ಬೀದಿಗಳಲ್ಲಿ ಮೇಲುಜಾತಿಯವರು ಈ ಹೆಂಗಸರ ಮೇಲುವಸ್ತ್ರಗಳನ್ನು ಕಿತ್ತರು, ಪ್ರಾರ್ಥನಾಲಯಗಳಿಗೆ ಬೆಂಕಿಯಿಟ್ಟರು. 1829ರ ಫೆಬ್ರವರಿಯಲ್ಲಿ ರಾಣಿ ಗೌರಿ ಪಾರ್ವತಿ ಬಾಯಿಯ ಘೋಷಣೆ ಕುಪ್ಪಾಯವನ್ನು ಒಪ್ಪಿ ಮೇಲುವಸ್ತ್ರವನ್ನು ಮತ್ತೆ ನಿಷೇಧಿಸಿತು.

ಇದನ್ನು ಕ್ರೈಸ್ತರ ಕಥೆಯೆಂದಷ್ಟೇ ಬರೆದರೆ ಅರ್ಧ ಸತ್ಯವಾಗುತ್ತದೆ. ನಾಗರಕೋಯಿಲಿನಿಂದ ಕನ್ಯಾಕುಮಾರಿಯ ಕಡೆಗೆ ಹೋಗುವಾಗ ಸಿಗುವ ಸ್ವಾಮಿತೋಪ್ಪಿನಲ್ಲಿ, 1851ರಲ್ಲಿ ತೀರಿಕೊಂಡ ಅಯ್ಯಾ ವೈಕುಂಡರು ಅದೇ ಸಮುದಾಯದ ಗಂಡಸರಿಗೆ ತಲೆಗೆ ಮುಂಡಾಸು ಸುತ್ತಿ ದೇವರೆದುರು ನಿಲ್ಲಲು ಹೇಳಿದರು. ಇಂದಿಗೂ ಅಲ್ಲಿ ಗಂಡಸರು ಅಂಗಿ ಕಳಚಿ, ಮುಂಡಾಸು ಕಟ್ಟಿ ಒಳಹೋಗುತ್ತಾರೆ. ನಾಗರಕೋಯಿಲಿನ ಚರ್ಚುಗಳಲ್ಲಿ ಭಾನುವಾರ ಇದರ ತಿರುಗುಮುರುಗು: ಪೌಲನು ಕೊರಿಂಥದವರಿಗೆ ಬರೆದ ಪತ್ರದ ಬುದ್ಧಿಮಾತನ್ನು ಅನುಸರಿಸಿ ಹೆಂಗಸರು ಪ್ರಾರ್ಥನೆಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ, ಗಂಡಸರು ಬರಿದಲೆಯಲ್ಲಿ ನಿಲ್ಲುತ್ತಾರೆ.

1829ರ ನಿಷೇಧದ ನಂತರವೂ ಶಾಣಾರ್ ಹೆಂಗಸರು ಮೇಲುವಸ್ತ್ರವನ್ನು ಬಿಡಲಿಲ್ಲ. ಪ್ರಜೆಗಳ ಮತಾಚಾರಗಳಲ್ಲಿ ಕೈಹಾಕುವುದಿಲ್ಲವೆಂದ ವಿಕ್ಟೋರಿಯಾ ರಾಣಿಯ 1858ರ ಘೋಷಣೆಯ ಬೆನ್ನಿಗೆ ಗಲಭೆ ಮತ್ತೆ ಭುಗಿಲೆದ್ದಿತು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಒತ್ತಾಯಿಸಿದ ಮೇಲೆ, ಮಾಧವರಾಯರು ದಿವಾನರಾಗಿದ್ದ ಕಾಲದಲ್ಲಿ, 1859ರ ಜುಲೈ 26ರಂದು ಮಹಾರಾಜ ಉತ್ರಂ ತಿರುನಾಳ್ ಹೊಸ ಘೋಷಣೆ ಹೊರಡಿಸಿದ. ಅದರ ವಿವರಗಳನ್ನು ನಿಧಾನವಾಗಿ ಓದಬೇಕು. ಶಾಣಾರ್ ಹೆಂಗಸರು, ಕ್ರೈಸ್ತರಾಗಲಿ ಹಿಂದೂಗಳಾಗಲಿ, ರವಿಕೆ ತೊಡಬಹುದು. ಮೀನುಗಾರರ ಹೆಂಗಸರಾದ ಮುಕ್ಕುವತ್ತಿಯರಂತೆ ಒರಟು ಬಟ್ಟೆಯನ್ನು ಮೈಗೆ ಸುತ್ತಿಕೊಳ್ಳಬಹುದು. ಬೇರೆ ಯಾವ ರೀತಿಯಲ್ಲಾದರೂ ಎದೆಯನ್ನು ಮುಚ್ಚಿಕೊಳ್ಳಬಹುದು. ಮೇಲುಜಾತಿಯ ಹೆಂಗಸರಂತೆ ಮಾತ್ರ ಉಡಕೂಡದು. ಏದೆನ್ ತೋಟದ ಕಥೆಯಿಂದಾಗಲಿ, ಅಗಸ್ಟೀನನ ಗ್ರಂಥದಿಂದಾಗಲಿ, ಟ್ರೆಂಟ್ ಸಭೆಯ ತೀರ್ಮಾನದಿಂದಾಗಲಿ ಈ ಕೊನೆಯ ಷರತ್ತನ್ನು ವಿವರಿಸಲಾಗುವುದಿಲ್ಲ, ಏಕೆಂದರೆ ಅದರಲ್ಲಿ ಕಾಮದ ಮಾತಿಲ್ಲ, ಲಜ್ಜೆಯ ಮಾತಿಲ್ಲ. ದೇಹವನ್ನು ಮುಚ್ಚಲು ಬಿಟ್ಟ ಮೇಲೂ ಅದರ ಮೇಲಿನ ಹಿಡಿತವನ್ನು ಬಿಡಲು ಒಪ್ಪದ ಮನಸ್ಸು ಮಾತ್ರ ಅಲ್ಲಿದೆ. ಮಿಷನರಿಗಳ ಬರಹಗಳು ಈ ಘೋಷಣೆಯನ್ನು ಸಭ್ಯತೆಗೆ ಸಂದ ಜಯವೆಂದು ಕೊಂಡಾಡಿದವು. ಆದರೆ ಹೆಂಗಸರು ನಲವತ್ತು ವರ್ಷ ಕೇಳಿದ್ದು ಷರತ್ತಿನಲ್ಲಿ ನಿರಾಕರಿಸಲ್ಪಟ್ಟ ಆ ಒಂದು ಸಂಗತಿಯನ್ನೇ. ಅದನ್ನು ಯಾವ ಅರಸನೂ ಗವರ್ನರನೂ ಅವರಿಗೆ ಬರೆದುಕೊಡಲಿಲ್ಲ. ಮುಂದಿನ ದಶಕಗಳಲ್ಲಿ ಷರತ್ತು ಕಾಗದದ ಮೇಲಿದ್ದಂತೆಯೇ ಅವರು ತಮಗೆ ಬೇಕಾದಂತೆ ಉಡತೊಡಗಿದರು, ಜಾರಿಗೆ ತರುವವರಿಲ್ಲದೆ ಅದು ಸವೆದುಹೋಯಿತು.